ಪೈಥಾನ್ ಕಾಯುವವರ ಖರ್ಚಿನಲ್ಲಿ ಬೆಂಗಳೂರಿನ ಪಾಲೆಷ್ಟು?

ಮಾನ್ಯ ಸಂಪಾದಕರಿಗೆ,

ಪಿಯುಸಿ ಗಣಕ ವಿಜ್ಞಾನದ ಪಠ್ಯಕ್ಕೆ ಪೈಥಾನ್ ಬಂದ ಮೇಲೆ ಆ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬರೆಯುವವರು ಹೆಚ್ಚಾಗಿರುವುದು ಸಂತೋಷದ ಸಂಗತಿ. ಅದನ್ನು ಕಲಿತವರಿಗೆ ಯಾವ ಉದ್ಯೋಗ ಸಿಗುತ್ತದೆ, ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ ಅದೇಕೆ ಬೇಕು, ಯಾವ ಕೋರ್ಸ್ ಸೇರಬೇಕು ಎಂಬ ಮಾಹಿತಿ ಈಗ ಹಳ್ಳಿಯ ವಿದ್ಯಾರ್ಥಿಗೂ ತಲುಪುತ್ತಿದೆ. ಆದರೆ ಈ ಭಾಷೆ ಯಾರ ಸುಪರ್ದಿಯಲ್ಲಿದೆ, ಅದನ್ನು ನೋಡಿಕೊಳ್ಳುವ ಖರ್ಚು ಎಲ್ಲಿಂದ ಹುಟ್ಟುತ್ತದೆ, ಆ ಖರ್ಚಿನಲ್ಲಿ ಅದರಿಂದಲೇ ಬದುಕು ಕಟ್ಟಿಕೊಂಡ ನಮ್ಮ ರಾಜ್ಯದ ಪಾಲೆಷ್ಟು ಎಂಬ ಪ್ರಶ್ನೆಗಳನ್ನು ಯಾರೂ ಎತ್ತಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ತುಮಕೂರಿನ ಕಾಲೇಜೊಂದರಲ್ಲಿ ಗಣಕ ವಿಜ್ಞಾನ ಪಾಠ ಮಾಡುವವಳಾಗಿ, ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ, ಅದರಲ್ಲೂ ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ತೀರ್ಮಾನ ತೆಗೆದುಕೊಳ್ಳುವ ಸ್ಥಾನದಲ್ಲಿರುವವರ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ವಿಷಯದ ಹಿನ್ನೆಲೆ ಹೇಳದೆ ಬೇಡಿಕೆಯನ್ನಷ್ಟೇ ಮುಂದಿಟ್ಟರೆ ಅದು ಅರ್ಥವಾಗುವುದಿಲ್ಲವೆಂಬ ಕಾರಣಕ್ಕೆ ತಾವು ಸಹಿಸಿಕೊಳ್ಳಬೇಕು.

ಪೈಥಾನ್ ತೆರೆದು, ಅದರ ಮುಂದೆ ‘ಕಾಪಿರೈಟ್’ ಎಂಬ ಪದವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತುವಂತೆ ನಾನು ಪ್ರತಿ ವರ್ಷ ಮೊದಲ ಲ್ಯಾಬ್ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಪರದೆಯ ಮೇಲೆ ನಾಲ್ಕು ಹಕ್ಕುದಾರರ ಹೆಸರು ಮೂಡುತ್ತದೆ. ಎಲ್ಲಕ್ಕಿಂತ ಕೆಳಗೆ 1991ರಿಂದ 1995ರವರೆಗೆ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರ. ಅದರ ಮೇಲೆ 1995ರಿಂದ 2001ರವರೆಗೆ ಅಮೆರಿಕದ ವರ್ಜೀನಿಯಾದ ಸಂಶೋಧನಾ ಸಂಸ್ಥೆಯಾದ ಸಿಎನ್ಆರ್‌ಐ. ಅದರ ಮೇಲೆ 2000ನೇ ಇಸವಿಯ ಒಂದೇ ವರ್ಷಕ್ಕೆ ಬಿಓಪನ್ ಎಂಬ ಕಂಪನಿ. ಎಲ್ಲಕ್ಕಿಂತ ಮೇಲೆ 2001ರಿಂದ ಇಂದಿನವರೆಗೆ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್. ಭಾಷೆಯ ಇಡೀ ಚರಿತ್ರೆ ಆ ನಾಲ್ಕು ನಮೂದುಗಳಲ್ಲಿದೆ. ಮೊದಲ ಮೂರು ಹೆಸರುಗಳು ಒಬ್ಬ ವ್ಯಕ್ತಿ ನೌಕರಿ ಬದಲಾಯಿಸಿದಂತೆಲ್ಲ ಭಾಷೆಯ ಒಡೆತನವೂ ಕೈಬದಲಾದದ್ದನ್ನು ತೋರಿಸುತ್ತವೆ. ನಾಲ್ಕನೆಯದು ಮಾತ್ರ ಯಾರ ನೌಕರಿಗೂ ಅಂಟಿಕೊಳ್ಳದೆ ಉಳಿದಿರುವುದು.

ಆ ವ್ಯಕ್ತಿ ಗ್ವಿಡೊ ವಾನ್ ರಾಸಮ್. 1989ರ ಕ್ರಿಸ್‌ಮಸ್ ರಜೆಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಈ ಭಾಷೆಯನ್ನು ಬರೆಯಲು ತೊಡಗಿ, 1991ರ ಫೆಬ್ರುವರಿಯಲ್ಲಿ ಅದನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿದವರು. ಕೆಲವೇ ವರ್ಷಗಳಲ್ಲಿ ಬಳಕೆದಾರರು ಎಷ್ಟು ಹಬ್ಬಿದರೆಂದರೆ, 1994ರಲ್ಲಿಯೇ ಅವರಲ್ಲೊಬ್ಬರು ‘ಗ್ವಿಡೊಗೆ ಬಸ್ ಬಡಿದರೆ ಗತಿಯೇನು’ ಎಂದು ಎಲ್ಲರ ಮುಂದೆ ಬರೆದು ಕೇಳಿದ್ದರು. ಕೇಳಲು ಒರಟಾಗಿದ್ದರೂ ಅದು ನ್ಯಾಯವಾದ ಆತಂಕವೇ ಆಗಿತ್ತು. 2000ದಲ್ಲಿ ಗ್ವಿಡೊ ಮತ್ತು ಅವರ ತಂಡ ಒಂದೇ ವರ್ಷದಲ್ಲಿ ಎರಡು ಬಾರಿ ಸಂಸ್ಥೆ ಬದಲಾಯಿಸಬೇಕಾಯಿತು. ಪರವಾನಗಿಯ ಷರತ್ತುಗಳ ಬಗ್ಗೆ ಹಳೆಯ ಸಂಸ್ಥೆಯೊಂದಿಗೆ ತಕರಾರು ಎದ್ದಿತು. ಭಾಷೆಯನ್ನು ಬಳಸುತ್ತಿದ್ದವರಿಗೆ ನಾಳೆ ಇದರ ಒಡೆಯ ಯಾರೆಂಬುದೇ ಸ್ಪಷ್ಟವಿರಲಿಲ್ಲ. ಆ ಅನುಭವದಿಂದ ಪಾಠ ಕಲಿತು, ಇದೇ ಬಗೆಯ ಬೇರೆ ತಂತ್ರಾಂಶಗಳನ್ನು ನೋಡಿಕೊಳ್ಳುವ ಅಪಾಚೆ ಫೌಂಡೇಶನ್ನಿನ ಮಾದರಿಯನ್ನು ಮುಂದಿಟ್ಟುಕೊಂಡು, 2001ರ ಮಾರ್ಚ್‌ನಲ್ಲಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನವನ್ನು ಹುಟ್ಟುಹಾಕಿದರು. ಅಂದಿನಿಂದ ಹೊಸ ಆವೃತ್ತಿಗಳ ಹಕ್ಕುಸ್ವಾಮ್ಯ ಆ ಪ್ರತಿಷ್ಠಾನದ್ದು. ಅದಕ್ಕೆ ಷೇರುದಾರರಿಲ್ಲ, ಅದನ್ನು ಯಾರೂ ಕೊಂಡುಕೊಳ್ಳುವಂತಿಲ್ಲ, ಅದರ ಆಡಳಿತ ಮಂಡಳಿಯನ್ನು ಸದಸ್ಯರು ಮತ ಹಾಕಿ ಆರಿಸುತ್ತಾರೆ.

ಇಲ್ಲೊಂದು ಸ್ಪಷ್ಟನೆ ಬೇಕು. ಭಾಷೆಗೆ ಯಾವ ಹೊಸ ಸೌಲಭ್ಯ ಸೇರಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ಪ್ರತಿಷ್ಠಾನ ತೀರ್ಮಾನಿಸುವುದಿಲ್ಲ. 2018ರ ಜುಲೈನಲ್ಲಿ ಗ್ವಿಡೊ ಅಂತಿಮ ನಿರ್ಣಾಯಕರ ಸ್ಥಾನದಿಂದ ಹಿಂದೆ ಸರಿದ ಮೇಲೆ, 2019ರಿಂದ ಆ ಹೊಣೆಯನ್ನು ಭಾಷೆಯ ಮೂಲ ಡೆವಲಪರುಗಳೇ ಚುನಾಯಿಸುವ ಐವರ ಸಮಿತಿ ಹೊತ್ತಿದೆ. ಪ್ರತಿಷ್ಠಾನದ್ದು ಆ ಕೆಲಸ ನಡೆಯಲು ಬೇಕಾದ ನೆಲೆಯನ್ನು ಕಾಪಾಡುವ ಹೊಣೆ: ಹಕ್ಕುಸ್ವಾಮ್ಯ, ಟ್ರೇಡ್‌ಮಾರ್ಕ್, ಸರ್ವರುಗಳು, ಹಣಕಾಸು, ಸಮ್ಮೇಳನಗಳು. ದುಡ್ಡು ಕೊಟ್ಟವನು ಭಾಷೆಯನ್ನು ತನಗೆ ಬೇಕಾದಂತೆ ತಿದ್ದಿಸಿಕೊಳ್ಳಲು ಬಾರದಂತೆ ಈ ಎರಡನ್ನೂ ಬೇರೆಬೇರೆ ಇಟ್ಟಿರುವುದು ಬಹಳ ವಿವೇಕದ ವ್ಯವಸ್ಥೆ ಎಂದು ನಾನು ಭಾವಿಸುತ್ತೇನೆ.

ಟ್ರೇಡ್‌ಮಾರ್ಕ್ ಕಾಯುವುದು ಕಾಗದಪತ್ರದ ಕೆಲಸವೆಂದು ಹಗುರವಾಗಿ ಕಾಣಬಾರದು. 2013ರಲ್ಲಿ ಬ್ರಿಟನ್ನಿನ ಒಂದು ಕಂಪನಿ ‘ಪೈಥಾನ್’ ಎಂಬ ಹೆಸರನ್ನು ತನ್ನ ಸರ್ವರ್ ಸೇವೆಗಳಿಗಾಗಿ ಯುರೋಪ್ ಒಕ್ಕೂಟದಲ್ಲಿ ನೋಂದಾಯಿಸಿಕೊಳ್ಳಲು ಹೊರಟಿತ್ತು. ಅದು ಊರ್ಜಿತವಾಗಿದ್ದರೆ ಯುರೋಪಿನಲ್ಲಿ ಆ ಹೆಸರಿನಡಿ ತಂತ್ರಾಂಶ ಹಂಚಲು ಇನ್ನೊಬ್ಬರ ಅಪ್ಪಣೆ ಬೇಕಾಗುವ ಸ್ಥಿತಿ ಬರುತ್ತಿತ್ತು. ಪೈಥಾನ್ ಬಳಸುವ ಯುರೋಪಿನ ಸಂಸ್ಥೆಗಳು ತಮ್ಮ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದು ಕಳಿಸುವಂತೆ ಪ್ರತಿಷ್ಠಾನ ಕೇಳಿಕೊಂಡಿತು, ಪತ್ರಗಳು ಬಂದವು, ಕೆಲವೇ ವಾರಗಳಲ್ಲಿ ಆ ಕಂಪನಿ ತನ್ನ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ವಕೀಲರನ್ನಿಟ್ಟುಕೊಂಡ, ಕಾನೂನಿನ ಕಣ್ಣಿಗೆ ಕಾಣುವ ಒಂದು ಸಂಸ್ಥೆ ಇರದಿದ್ದರೆ ಬಿಡಿಬಿಡಿಯಾದ ಸಾವಿರಾರು ಪ್ರೋಗ್ರಾಮರುಗಳ ಪರವಾಗಿ ಆ ಜಗಳವನ್ನು ಯಾರು ಆಡುತ್ತಿದ್ದರು?

ಪ್ರತಿಷ್ಠಾನದ ಅತಿ ಭಾರದ ಹೊರೆಯೆಂದರೆ, ಪೈಥಾನಿನಲ್ಲಿ ಬಳಸಲು ಇತರರು ಬರೆದುಕೊಟ್ಟ ಸಿದ್ಧ ಕೋಡಿನ ಕಟ್ಟುಗಳನ್ನು, ಅಂದರೆ ಪ್ಯಾಕೇಜುಗಳನ್ನು, ಇಟ್ಟು ಹಂಚುವ ಪೈಪಿಐ ಎಂಬ ಭಂಡಾರ. ಓದುಗರಿಗೆ ಅದರ ಹೆಸರು ಅಪರಿಚಿತವಿದ್ದೀತು, ಆದರೆ ಅವರ ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅದಿಲ್ಲದೆ ದಿನ ಕಳೆಯುವುದಿಲ್ಲ. ಲ್ಯಾಬಿನಲ್ಲಿ ಒಬ್ಬ ಹುಡುಗಿ ‘ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಎಂದು ಒಂದು ಸಾಲು ಟೈಪ್ ಮಾಡುತ್ತಾಳೆ. ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ಪಾಂಡಾಸ್ ಪ್ಯಾಕೇಜನ್ನು ಕೇಳುವ ಆ ಕೋರಿಕೆ ಪೈಪಿಐಗೆ ಹೋಗುತ್ತದೆ. ಅವಳ ಕಂಪ್ಯೂಟರಿಗೆ, ಅವಳ ಪೈಥಾನ್ ಆವೃತ್ತಿಗೆ ಹೊಂದುವ ಕಡತ ಯಾವುದೆಂದು ಗೊತ್ತುಮಾಡಿಕೊಂಡು, ಪಾಂಡಾಸ್ ನೆಚ್ಚಿಕೊಂಡಿರುವ ನಂಪೈ ಮುಂತಾದ ಬೇರೆ ಪ್ಯಾಕೇಜುಗಳನ್ನೂ ಸೇರಿಸಿಕೊಂಡು, ಎಲ್ಲವೂ ಒಂದೆರಡು ನಿಮಿಷದಲ್ಲಿ ಅವಳ ಯಂತ್ರಕ್ಕೆ ಇಳಿಯುತ್ತದೆ. ಅವಳ ಪಕ್ಕದವನೂ ಅದನ್ನೇ ಮಾಡುತ್ತಾನೆ, ಹಿಂದಿನ ಸಾಲಿನವರೂ ಅದನ್ನೇ ಮಾಡುತ್ತಾರೆ, ಅದೇ ಗಳಿಗೆಯಲ್ಲಿ ವೈಟ್‌ಫೀಲ್ಡಿನ ಯಾವುದೋ ಕಂಪನಿಯ ಸರ್ವರ್ ಯಾರ ಕೈಯೂ ತಾಗದೆ, ಪರೀಕ್ಷೆ ನಡೆಸಿದಾಗಲೆಲ್ಲ, ಅದೇ ಕಡತವನ್ನು ಮತ್ತೆಮತ್ತೆ ಇಳಿಸಿಕೊಳ್ಳುತ್ತಿರುತ್ತದೆ. ಯಾರಿಗೂ ಬಿಲ್ ಬರುವುದಿಲ್ಲ. 2003ರಿಂದ ನಡೆಯುತ್ತಿರುವ ಈ ಭಂಡಾರದಲ್ಲಿ ಇಂದು ಆರು ಲಕ್ಷಕ್ಕೂ ಹೆಚ್ಚು ಯೋಜನೆಗಳ ಪ್ಯಾಕೇಜುಗಳಿವೆ. ಅವನ್ನು ಜಗತ್ತಿನ ಮೂಲೆಮೂಲೆಗೆ ತಲುಪಿಸುವ ಬ್ಯಾಂಡ್‌ವಿಡ್ತ್ ಅನ್ನು ಫಾಸ್ಟ್ಲಿ ಎಂಬ ಕಂಪನಿ ದೇಣಿಗೆಯಾಗಿ ಕೊಡುತ್ತಿದೆ. ನಾಳೆ ಅದು ಕೈಬಿಟ್ಟರೆ ಆ ಬಿಲ್ಲನ್ನು ತುಂಬುವ ಶಕ್ತಿ ಪ್ರತಿಷ್ಠಾನಕ್ಕಿಲ್ಲ.

ಇನ್ನು ಅಪಾಯದ ಮಾತು. ಪೈಪಿಐಗೆ ಯಾರು ಬೇಕಾದರೂ ಪ್ಯಾಕೇಜ್ ಹಾಕಬಹುದು. ಅದರ ಶಕ್ತಿಯೂ ಅದೇ, ದೌರ್ಬಲ್ಯವೂ ಅದೇ. ಜನಪ್ರಿಯ ಪ್ಯಾಕೇಜಿನ ಹೆಸರಿನಲ್ಲಿ ಎರಡು ಅಕ್ಷರ ಅದಲುಬದಲು ಮಾಡಿದ ಇನ್ನೊಂದು ಹೆಸರಿನಡಿ ಕಳ್ಳ ಕೋಡನ್ನು ಇಟ್ಟು, ಅವಸರದಲ್ಲಿ ತಪ್ಪು ಟೈಪ್ ಮಾಡುವವರಿಗಾಗಿ ಹೊಂಚುಹಾಕುವ ವಂಚಕರಿದ್ದಾರೆ. ವಿದ್ಯಾರ್ಥಿಯ ಯಂತ್ರದಲ್ಲಾದರೆ ಪಾಸ್‌ವರ್ಡ್ ಹೋಗುತ್ತದೆ, ಕಂಪನಿಯ ಸರ್ವರಿನಲ್ಲಾದರೆ ಗ್ರಾಹಕರ ಮಾಹಿತಿಯೇ ಹೋಗುತ್ತದೆ. 2024ರ ಮಾರ್ಚ್ ಕೊನೆಯಲ್ಲಿ ಇಂಥ ಪ್ಯಾಕೇಜುಗಳು ಒಮ್ಮೆಗೇ ಎಷ್ಟು ನುಗ್ಗಿದವೆಂದರೆ, ಹೊಸ ಖಾತೆ ಮತ್ತು ಹೊಸ ಯೋಜನೆಗಳ ನೋಂದಣಿಯನ್ನೇ ಹಲವು ಗಂಟೆಗಳ ಕಾಲ ನಿಲ್ಲಿಸಬೇಕಾಯಿತು. ಅದೇ ವರ್ಷದ ಆರಂಭದಿಂದ ಪ್ಯಾಕೇಜ್ ಪ್ರಕಟಿಸುವ ಪ್ರತಿಯೊಬ್ಬರಿಗೂ ಎರಡು ಹಂತದ ದೃಢೀಕರಣವನ್ನು ಕಡ್ಡಾಯ ಮಾಡಿದ್ದಾರೆ. ಈ ಕಾವಲಿಗೆಂದೇ ಸಂಬಳ ಪಡೆದು ದುಡಿಯುವವರು ಕೈಬೆರಳೆಣಿಕೆಯಷ್ಟು. ಅವರ ಹುದ್ದೆಗಳೂ ಪ್ರತಿಷ್ಠಾನದ ಸ್ವಂತ ಆದಾಯದಿಂದ ಹುಟ್ಟಿದವಲ್ಲ, ದೊಡ್ಡ ಕಂಪನಿಗಳು ಮತ್ತು ಸುರಕ್ಷಾ ನಿಧಿಗಳು ಗೊತ್ತಾದ ಅವಧಿಗೆಂದು ಕೊಟ್ಟ ಹಣದಿಂದ ನಡೆಯುತ್ತಿವೆ. ಭಾಷೆಯ ನಿತ್ಯದ ರಿಪೇರಿ ಕೆಲಸಕ್ಕೆ ಪೂರ್ಣಾವಧಿಯ ಮೊದಲ ಡೆವಲಪರನ್ನು ನೇಮಿಸಲು ಸಾಧ್ಯವಾದದ್ದೂ 2021ರಲ್ಲಿ, ಅದೂ ಗೂಗಲ್ ಕೊಟ್ಟ ಹಣದಿಂದ. ಅಲ್ಲಿಯವರೆಗಿನ ಮೂವತ್ತು ವರ್ಷ ಈ ಕೆಲಸವನ್ನು ಬಹುಮಟ್ಟಿಗೆ ಸ್ವಯಂಸೇವಕರೇ, ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು, ನಿಭಾಯಿಸಿದ್ದಾರೆ.

ಇಷ್ಟೆಲ್ಲ ಮಾಡುವ ಪ್ರತಿಷ್ಠಾನದ ಗಾತ್ರ ಕೇಳಿದರೆ ಓದುಗರಿಗೆ ಆಶ್ಚರ್ಯವಾಗಬಹುದು. ವರ್ಷದ ಬಜೆಟ್ ಸುಮಾರು 50 ಲಕ್ಷ ಡಾಲರ್, ಸಿಬ್ಬಂದಿ 14 ಮಂದಿ. ಬೆಂಗಳೂರಿನ ಮಧ್ಯಮ ಗಾತ್ರದ ಕಂಪನಿಯೊಂದರ ಒಂದು ಮಹಡಿಯಲ್ಲಿ ಕೂರುವ ನೌಕರರ ಸಂಬಳದ ಮೊತ್ತ ಇದಕ್ಕಿಂತ ಹೆಚ್ಚಿರಬಹುದು.

ಆ ಸಣ್ಣ ಸಂಸ್ಥೆ ಕಳೆದ ವರ್ಷ ತೆಗೆದುಕೊಂಡ ಒಂದು ತೀರ್ಮಾನವೇ ನಾನು ಈ ಪತ್ರ ಬರೆಯಲು ಮುಖ್ಯ ಪ್ರೇರಣೆ. ಪೈಪಿಐಗೆ ಸೇರುವ ಪ್ರತಿಯೊಂದು ಪ್ಯಾಕೇಜನ್ನೂ ಯಾರಾದರೂ ದೂರು ಕೊಡುವ ಮೊದಲೇ ತಾನಾಗಿ ಪರಿಶೀಲಿಸುವ ಉಪಕರಣಗಳನ್ನು ಕಟ್ಟಲೆಂದು ಅದು ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ 2025ರ ಜನವರಿಯಲ್ಲಿ ಅರ್ಜಿ ಹಾಕಿತ್ತು. ಕೇಳಿದ್ದು ಎರಡು ವರ್ಷಕ್ಕೆ 15 ಲಕ್ಷ ಡಾಲರ್, ಅಂದರೆ ಸುಮಾರು 13 ಕೋಟಿ ರೂಪಾಯಿ. ಪ್ರತಿಷ್ಠಾನ ಸರ್ಕಾರಿ ಅನುದಾನ ಕೋರಿದ್ದು ಅದೇ ಮೊದಲು, ಸಿಕ್ಕಿದ್ದರೆ ಅದರ ಇತಿಹಾಸದಲ್ಲೇ ಅತಿ ದೊಡ್ಡ ಅನುದಾನ ಅದಾಗುತ್ತಿತ್ತು. ತಿಂಗಳುಗಟ್ಟಲೆ ಪರಿಶೀಲನೆ ನಡೆದು, ಅನುದಾನ ಕೊಡಬಹುದೆಂಬ ಶಿಫಾರಸೂ ಬಂತು. ಆದರೆ ಒಪ್ಪಂದದ ಷರತ್ತುಗಳಲ್ಲಿ, ವೈವಿಧ್ಯ, ಸಮಾನತೆ ಮತ್ತು ಒಳಗೊಳ್ಳುವಿಕೆಯನ್ನು ಪ್ರೋತ್ಸಾಹಿಸುವ ಯಾವ ಕಾರ್ಯಕ್ರಮವನ್ನೂ ಕಾನೂನಿಗೆ ವಿರುದ್ಧವಾಗಿ ನಡೆಸುವುದಿಲ್ಲವೆಂದು ಬರೆದುಕೊಡಬೇಕೆಂದಿತ್ತು. ಆ ಷರತ್ತು ಅನುದಾನದ ಹಣದಿಂದ ನಡೆಯುವ ಕೆಲಸಕ್ಕಷ್ಟೇ ಅನ್ವಯಿಸದೆ ಇಡೀ ಸಂಸ್ಥೆಯ ಎಲ್ಲ ಚಟುವಟಿಕೆಗೂ ಅನ್ವಯಿಸುತ್ತಿತ್ತು. ಅದನ್ನು ಮೀರಿದ್ದಾರೆಂದು ಸರ್ಕಾರಕ್ಕೆ ಅನಿಸಿದರೆ ಅದಾಗಲೇ ಖರ್ಚಾದ ಹಣವನ್ನೂ ವಾಪಸು ಕೇಳುವ ಅಧಿಕಾರ ಅದಕ್ಕಿತ್ತು. ಆಡಳಿತ ಮಂಡಳಿ ಒಮ್ಮತದಿಂದ ಅರ್ಜಿಯನ್ನು ಹಿಂದಕ್ಕೆ ಪಡೆದು, ಅಕ್ಟೋಬರ್ ಕೊನೆಯಲ್ಲಿ ಅದನ್ನು ಬಹಿರಂಗಪಡಿಸಿತು.

ಆ ತೀರ್ಮಾನ ಸರಿಯಾಗಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ. ಜಗತ್ತಿನ ಎಲ್ಲ ದೇಶಗಳ, ಎಲ್ಲ ಬಗೆಯ ಪ್ರೋಗ್ರಾಮರುಗಳ ಸಮುದಾಯವನ್ನು ಬೆಳೆಸುವುದೇ ತನ್ನ ಗುರಿಯೆಂದು ಪ್ರತಿಷ್ಠಾನ ತನ್ನ ಧ್ಯೇಯವಾಕ್ಯದಲ್ಲೇ ಬರೆದುಕೊಂಡಿದೆ. ಆ ಮಾತನ್ನು ಅದು ಕಾಗದದ ಮೇಲೆ ಬಿಟ್ಟಿಲ್ಲ. 2024ರ ಒಂದೇ ವರ್ಷದಲ್ಲಿ ಆರು ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಹಲವಾರು ದೇಶಗಳ ಸಮ್ಮೇಳನ, ಕಾರ್ಯಾಗಾರ, ಬಳಕೆದಾರರ ಕೂಟಗಳಿಗೆ ಹಂಚಿದೆ. ಹೆಣ್ಣುಮಕ್ಕಳು ಈ ಕ್ಷೇತ್ರದಲ್ಲಿ ಮುಜುಗರವಿಲ್ಲದೆ ಕಲಿಯುವಂತಾಗಲೆಂದು 2011ರಲ್ಲಿ ಲಾಸ್ ಏಂಜಲೀಸಿನಲ್ಲಿ ಶುರುವಾದ ಪೈಲೇಡೀಸ್ ಬಳಗಕ್ಕೆ ಬೆಂಬಲವಾಗಿ ನಿಂತಿದೆ. ನಾಳೆ ಇಂಥ ಕೆಲಸಗಳಲ್ಲಿ ಯಾವುದು ನಿಷಿದ್ಧ, ಯಾವುದಲ್ಲ ಎಂದು ಒಬ್ಬ ಅಧಿಕಾರಿ ತೀರ್ಮಾನಿಸುವವರೆಗೆ ತಲೆಯ ಮೇಲೆ ಕತ್ತಿ ತೂಗುಹಾಕಿಕೊಂಡು ಹದಿನಾಲ್ಕು ಜನರ ಸಂಸ್ಥೆ ಕೆಲಸ ಮಾಡುವುದು ಸಾಧ್ಯವಿರಲಿಲ್ಲ. ನನ್ನ ತರಗತಿಯ ಹೆಣ್ಣುಮಕ್ಕಳಿಗೆ ಈ ವಿಷಯವನ್ನು ವಿವರಿಸಿದಾಗ ಅವರಲ್ಲಿ ಹಲವರಿಗೆ, ತಾವು ದಿನವೂ ಬಳಸುವ ಭಾಷೆಯ ಹಿಂದೆ ತಮ್ಮಂಥವರ ಬಗ್ಗೆಯೂ ಯೋಚಿಸಿದ ಒಂದು ಸಂಸ್ಥೆಯಿದೆ ಎಂಬುದೇ ಹೊಸ ಸುದ್ದಿಯಾಗಿತ್ತು.

ಆದರೆ ಸರಿಯಾದ ತೀರ್ಮಾನಕ್ಕೂ ಬೆಲೆ ತೆರಬೇಕಾಗುತ್ತದೆ. ಆ ಉಪಕರಣಗಳು ಬೇಕೆಂಬ ಅಗತ್ಯ ಅನುದಾನದೊಂದಿಗೆ ಹೊರಟುಹೋಗಿಲ್ಲ. ಹಣದ ಮುಗ್ಗಟ್ಟು ಮೊದಲೇ ಇತ್ತು. ಆ ವರ್ಷದ ಆಗಸ್ಟಿನಲ್ಲೇ ಪ್ರತಿಷ್ಠಾನ ತನ್ನ ಸಹಾಯಧನ ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಅದರ ಮುಖ್ಯ ಆದಾಯಗಳಲ್ಲಿ ಒಂದು ಅಮೆರಿಕದಲ್ಲಿ ನಡೆಯುವ ಪೈಕಾನ್ ವಾರ್ಷಿಕ ಸಮ್ಮೇಳನ. 2020ರಲ್ಲಿ ಕೋವಿಡ್ ಕಾರಣದಿಂದ ಪಿಟ್ಸ್‌ಬರ್ಗಿನ ಸಮ್ಮೇಳನ ರದ್ದಾದಾಗಲೇ ಒಂದೇ ಮೂಲವನ್ನು ನೆಚ್ಚಿಕೊಳ್ಳುವುದು ಎಷ್ಟು ಅಪಾಯವೆಂದು ಗೊತ್ತಾಗಿತ್ತು. ಅರ್ಜಿ ಹಿಂಪಡೆದ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ನೂರಾರು ಮಂದಿ ತಾವಾಗಿ ಹೊಸ ಸದಸ್ಯರಾಗಿ, ಕೈಲಾದಷ್ಟು ದೇಣಿಗೆ ಕೊಟ್ಟರು. ಅದು ಮನ ತುಂಬಿಬರುವ ಸ್ಪಂದನೆ. ಆದರೂ ವರ್ಷವರ್ಷ ಬೇಕಾಗುವ ಹಣ ವ್ಯಕ್ತಿಗಳ ಔದಾರ್ಯದಿಂದ ಹುಟ್ಟುವುದಿಲ್ಲ. ಭಾಷೆಯಿಂದ ಲಾಭ ಮಾಡುವ ಕಂಪನಿಗಳಿಂದಲೇ ಅದು ಬರಬೇಕು.

ಈಗ ನಮ್ಮ ಮಾತಿಗೆ ಬರುತ್ತೇನೆ. ಪೈಥಾನಿಗೂ ಬೆಂಗಳೂರಿಗೂ ಇರುವ ನಂಟು ಬರಿಯ ಬಳಕೆದಾರನ ನಂಟಲ್ಲ. ಭಾರತದ ಮೊದಲ ಪೈಕಾನ್ ಸಮ್ಮೇಳನ 2009ರ ಸೆಪ್ಟೆಂಬರಿನಲ್ಲಿ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಮುಂದಿನ ವರ್ಷಗಳಲ್ಲಿ ಅದು ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಸುತ್ತಿ, 2024 ಮತ್ತು 2025ರಲ್ಲಿ ಮತ್ತೆ ಬೆಂಗಳೂರಿಗೇ ಬಂತು. ಅದನ್ನು ನಡೆಸುವುದು ಪೈಥಾನ್ ಸಾಫ್ಟ್‌ವೇರ್ ಸೊಸೈಟಿ ಆಫ್ ಇಂಡಿಯಾ ಎಂಬ, ಇದೂ ಲಾಭದ ಉದ್ದೇಶವಿಲ್ಲದ, ಸ್ವಯಂಸೇವಕರ ಸಂಘ. ಈ ಸಮುದಾಯವನ್ನು ಕಟ್ಟಿದವರಲ್ಲಿ ಒಬ್ಬರಾಗಿದ್ದು 2012ರಲ್ಲಿ ತೀರಿಕೊಂಡ ಕೆನೆತ್ ಗೊನ್ಸಾಲ್ವಿಸ್ ಅವರ ಹೆಸರಿನಲ್ಲಿ ಸಂಘ ಒಂದು ಪ್ರಶಸ್ತಿಯನ್ನೂ ಕೊಡುತ್ತಾ ಬಂದಿದೆ. ಬ್ಯಾಂಗ್‌ಪೈಪರ್ಸ್ ಎಂಬ ಬೆಂಗಳೂರಿನ ಬಳಕೆದಾರರ ಕೂಟ ಅದಕ್ಕೂ ಹಳೆಯದು. ಸೇರಲು ಶುಲ್ಕವಿಲ್ಲದ ಅದರ ಸಭೆಗಳಲ್ಲಿ, ಯಾವುದಾದರೊಂದು ಕಂಪನಿ ಬಿಟ್ಟುಕೊಟ್ಟ ಕೋಣೆಯಲ್ಲಿ, ಹೊಸಬರೂ ಹಳಬರೂ ಒಟ್ಟಿಗೆ ಕೂತು ಕಲಿಯುತ್ತಾರೆ. ಎನ್‌ಸಿಇಆರ್‌ಟಿಯ ಗಣಕ ವಿಜ್ಞಾನ ಪುಸ್ತಕಗಳು ಪೈಥಾನನ್ನೇ ಬಳಸುತ್ತವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೇ ಅದನ್ನು ಕಲಿಸುವ ವಿಷಯವಿದೆ. ಇವರೆಲ್ಲರೂ ಕಲಿತು ಹೊರಬಂದಾಗ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಇದೇ ಕಂಪನಿಗಳು.

ಕ್ಯಾಂಪಸ್ ನೇಮಕಾತಿಗೆ ಬಂದಿದ್ದ ಒಂದು ಕಂಪನಿಯ ಪ್ರತಿನಿಧಿಗಳೊಂದಿಗೆ ಊಟದ ವೇಳೆ ಮಾತಾಡುತ್ತಾ, ತಮ್ಮ ಉತ್ಪನ್ನಗಳಲ್ಲಿ ಬಹುಪಾಲು ಪೈಥಾನಿನಲ್ಲೇ ಇದೆಯೆಂದು ಹೇಳುತ್ತೀರಲ್ಲ, ಆ ಪ್ರತಿಷ್ಠಾನಕ್ಕೆ ನಿಮ್ಮ ಕಂಪನಿ ಏನಾದರೂ ಕೊಡುತ್ತದೆಯೇ ಎಂದು ನಾನು ಕೇಳಿದೆ. ‘ಅದು ಫ್ರೀ ಅಲ್ವಾ ಮೇಡಂ?’ ಎಂದರು ಅವರಲ್ಲಿ ಹಿರಿಯರು. ಆ ಉತ್ತರದಲ್ಲಿ ದುರುದ್ದೇಶವೇನೂ ಇರಲಿಲ್ಲ, ಅವರಿಗೆ ನಿಜವಾಗಿಯೂ ಆ ಪ್ರಶ್ನೆ ಯಾವತ್ತೂ ಎದುರಾಗಿರಲಿಲ್ಲ. ಅದೇ ಕಂಪನಿ ಕಾಫಿ ಯಂತ್ರದ ನಿರ್ವಹಣೆಗೆ ವಾರ್ಷಿಕ ಒಪ್ಪಂದ ಮಾಡಿಕೊಂಡಿರುತ್ತದೆ, ಪ್ರತಿ ಲ್ಯಾಪ್‌ಟಾಪಿನ ಆಂಟಿವೈರಸ್‌ಗೆ ಹಣ ಕಟ್ಟುತ್ತದೆ. ಯಾರಾದರೂ ಬಿಲ್ ಕಳಿಸಿದ್ದರೆ ಮರುಮಾತಿಲ್ಲದೆ ಕೊಡುತ್ತಿದ್ದರೋ ಏನೋ. ಬಿಲ್ ಕಳಿಸುವವರಿಲ್ಲವಾದ್ದರಿಂದ ಖರ್ಚೇ ಇಲ್ಲವೆಂದು ತಿಳಿದುಕೊಂಡಿದ್ದಾರೆ.

ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರೆಂದು ಬಿಟ್ಟು ಕಾಯುವ ನೀರುಗಂಟಿ ಇರುತ್ತಿದ್ದ. ನೀರಿಗೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ, ಆದರೆ ಸುಗ್ಗಿಯ ಕಾಲದಲ್ಲಿ ಕಣದಲ್ಲೇ ಅವನ ಪಾಲಿನ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಹೆಚ್ಚು ಗದ್ದೆಯಿದ್ದವನು ಹೆಚ್ಚು ಕೊಡುತ್ತಿದ್ದ. ತಂತ್ರಾಂಶದ ಹೊಲದಲ್ಲಿ ಹೆಚ್ಚು ಗದ್ದೆ ಇರುವವರು ಯಾರೆಂದು ನಾನು ಹೇಳಬೇಕಿಲ್ಲ.

ಇಲ್ಲಿ ಕಾನೂನಿನ ಒಂದು ತೊಡಕನ್ನು ಪ್ರಸ್ತಾಪಿಸಲೇಬೇಕು, ಏಕೆಂದರೆ ಕೊಡುವ ಮನಸ್ಸಿರುವ ಕಂಪನಿಗಳೂ ಇಲ್ಲಿ ಎಡವುತ್ತವೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಬೇಕು. ಆದರೆ ಸಿಎಸ್‌ಆರ್ ನಿಯಮಗಳು ಭಾರತದ ಹೊರಗೆ ನಡೆಯುವ ಚಟುವಟಿಕೆಯನ್ನು, ಕ್ರೀಡಾಪಟುಗಳ ತರಬೇತಿಯಂಥ ಅಪವಾದದ ಹೊರತು, ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅಮೆರಿಕದ ಪ್ರತಿಷ್ಠಾನಕ್ಕೆ ಕೊಟ್ಟ ಹಣ ಸಿಎಸ್‌ಆರ್ ಆಗುವುದಿಲ್ಲ. ಇತ್ತ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ನಮ್ಮ ಸಂಘಗಳಿಗೆ ಅಲ್ಲಿನ ಹಣ ಸುಲಭವಾಗಿ ಬರುವಂತೆಯೂ ಇಲ್ಲ. ಎರಡೂ ದಿಕ್ಕಿನ ಹಾದಿ ಇಕ್ಕಟ್ಟಾಗಿರುವಾಗ ಉಳಿದಿರುವ ನೇರ ಮಾರ್ಗವೆಂದರೆ, ಪ್ರತಿಷ್ಠಾನಕ್ಕೆ ಕೊಡುವ ಪ್ರಾಯೋಜಕತ್ವವನ್ನು ದಾನವೆಂದು ಬರೆಯದೆ, ಕ್ಲೌಡ್ ಬಾಡಿಗೆಯಂತೆ, ವಿದ್ಯುತ್ ಬಿಲ್ಲಿನಂತೆ, ವ್ಯವಹಾರದ ಖರ್ಚಿನ ಪಟ್ಟಿಯಲ್ಲೇ ಸೇರಿಸುವುದು. ಪ್ರತಿಷ್ಠಾನ ಕಂಪನಿಗಳ ಗಾತ್ರಕ್ಕೆ ತಕ್ಕಂತೆ ಪ್ರಾಯೋಜಕತ್ವದ ಹಂತಗಳನ್ನು ಇಟ್ಟಿದೆ, ಸಣ್ಣ ಕಂಪನಿಗೂ ಎಟಕುವ ಹಂತ ಅದರಲ್ಲಿದೆ. ಭಾರತದ ಸಂಘಕ್ಕೆ, ಪೈಕಾನಿಗೆ, ಊರೂರಿನ ಕಾರ್ಯಾಗಾರಗಳಿಗೆ ಕೊಡುವುದು ಇದಕ್ಕೆ ಪೂರಕವಾಗಬೇಕು, ಒಂದನ್ನು ಕೊಟ್ಟು ಇನ್ನೊಂದನ್ನು ಮರೆಯುವಂತಾಗಬಾರದು.

ಇದು ಆಗದ ಮಾತೇನಲ್ಲ. ಬೆಂಗಳೂರಿನದೇ ಜೆರೋಧಾ ಕಂಪನಿ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಎಂಬ ನಿಧಿಯನ್ನು ಸ್ಥಾಪಿಸಿ, ಜಗತ್ತಿನ ಎಲ್ಲಿಯದೇ ಆದರೂ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವುದಾಗಿ ಪ್ರಕಟಿಸಿತು. ತಾನು ಬೆಳೆದದ್ದು ಮುಕ್ತ ತಂತ್ರಾಂಶದ ಮೇಲೆ ಎಂಬುದನ್ನು ಬಾಯಿಬಿಟ್ಟು ಹೇಳಿ, ಹೇಳಿದ್ದಕ್ಕೆ ತಕ್ಕಂತೆ ಹಣ ತೆಗೆದಿಟ್ಟ ಈ ಕ್ರಮ ಅಭಿನಂದನೀಯ. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ವಹಿವಾಟಿನ, ಲಕ್ಷಗಟ್ಟಲೆ ನೌಕರರಿರುವ ಕಂಪನಿಗಳು ಈ ರಾಜ್ಯದಲ್ಲಿವೆ. ಅವುಗಳ ಆಡಳಿತ ಮಂಡಳಿಗಳು ಮಾರ್ಚ್ ಒಳಗೆ ಮುಂದಿನ ವರ್ಷದ ಬಜೆಟ್ ಸಿದ್ಧಪಡಿಸುವಾಗ, ತಮ್ಮ ಎಂಜಿನಿಯರುಗಳನ್ನು ಕರೆದು ‘ನಾವು ಪೈಪಿಐನಿಂದ ತಿಂಗಳಿಗೆ ಎಷ್ಟು ಇಳಿಸಿಕೊಳ್ಳುತ್ತೇವೆ’ ಎಂಬ ಒಂದು ಪ್ರಶ್ನೆ ಕೇಳಿದರೂ ಸಾಕು, ಉಳಿದ ಲೆಕ್ಕ ತಾನಾಗಿ ಮುಂದೆ ಬರುತ್ತದೆ. ಹಣದ ಜೊತೆಗೆ ಇನ್ನೊಂದು ಕೆಲಸವನ್ನೂ ಇವರು ಮಾಡಬಹುದು: ಪ್ಯಾಕೇಜುಗಳನ್ನು ಪ್ರತಿ ಬಾರಿ ದೂರದಿಂದ ತರಿಸಿಕೊಳ್ಳುವ ಬದಲು ಕಂಪನಿಯೊಳಗೇ ಒಂದು ಪ್ರತಿ ಇಟ್ಟುಕೊಂಡು ಬಳಸುವುದು. ದೊಡ್ಡ ಕಾಲೇಜುಗಳ ಲ್ಯಾಬುಗಳಿಗೂ ಈ ಮಾತು ಅನ್ವಯಿಸುತ್ತದೆ, ಅದಕ್ಕೆ ಬೇಕಾಗುವುದು ಒಂದು ಸಾಧಾರಣ ಕಂಪ್ಯೂಟರ್ ಮತ್ತು ಅರ್ಧ ದಿನದ ಕೆಲಸ.

ಕಂಪನಿಗಳ ಮೇಲೆ ಹೊಣೆ ಹೊರಿಸಿ ನಾವು ಸುಮ್ಮನಿರಬೇಕೆಂದು ನನ್ನ ಮಾತಿನ ಅರ್ಥವಲ್ಲ. ಪ್ರತಿಷ್ಠಾನದ ಬೆಂಬಲ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್. ಅಷ್ಟು ಕೊಡಲಾಗದವರಿಗೆ ಕಡಿಮೆ ದರದ ಅವಕಾಶವೂ ಇದೆ. ಹಣ ಕೊಡಲಾಗದವರು ತಿಂಗಳಿಗೆ ಕನಿಷ್ಠ ಐದು ಗಂಟೆಯಷ್ಟು ಪೈಥಾನ್ ಸಮುದಾಯದ ಕೆಲಸ ಮಾಡಿದರೆ ಶುಲ್ಕವಿಲ್ಲದೆಯೇ ಮತದಾನದ ಹಕ್ಕಿರುವ ಸದಸ್ಯರಾಗಬಹುದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಎಂಜಿನಿಯರುಗಳು, ಅಮೆರಿಕ, ಯುರೋಪುಗಳಲ್ಲಿ ನೆಲೆಸಿರುವ ಕನ್ನಡಿಗರು ಈ ಹಕ್ಕನ್ನು ಪಡೆದು ಮತ ಹಾಕಿದರೆ ಆಡಳಿತ ಮಂಡಳಿಯ ಆಯ್ಕೆಯಲ್ಲಿ ನಮ್ಮ ದನಿಯೂ ಇರುತ್ತದೆ. ಉಪನ್ಯಾಸಕರು ಬಿಡುವಿನಲ್ಲಿ ನಡೆಸುವ ಉಚಿತ ಕಾರ್ಯಾಗಾರವೂ ಈ ಐದು ಗಂಟೆಯೊಳಗೆ ಬರುತ್ತದೆ ಎಂಬುದನ್ನು ನನ್ನ ಸಹೋದ್ಯೋಗಿಗಳು ಗಮನಿಸಬೇಕು.

ಕನ್ನಡಕ್ಕೇ ಸಂಬಂಧಿಸಿದ ಒಂದು ಕೆಲಸವಂತೂ ನಮ್ಮನ್ನೇ ಕಾಯುತ್ತಿದೆ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಯಾವ ಲಿಪಿಯ ಪಠ್ಯವನ್ನಾದರೂ ಈ ಭಾಷೆ ಯುನಿಕೋಡ್ ಆಗಿ ನೇರವಾಗಿ ನಿಭಾಯಿಸುತ್ತದೆ. ‘ಒಟ್ಟು’ ಎಂದು ಕನ್ನಡದಲ್ಲೇ ಚರಾಂಕಕ್ಕೆ ಹೆಸರಿಟ್ಟು ಅಂಕಗಳನ್ನು ಕೂಡಿಸುವ ಪ್ರೋಗ್ರಾಂ ಬರೆದು ತೋರಿಸಿದರೆ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಮುಖದಲ್ಲಿ ಅಂಜಿಕೆ ಇಳಿಯುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಆದರೆ ಭಾಷೆಯ ಅಧಿಕೃತ ಕೈಪಿಡಿ ಜಪಾನಿ, ಕೊರಿಯನ್, ಫ್ರೆಂಚ್, ಸ್ಪ್ಯಾನಿಷ್, ಟರ್ಕಿಷ್ ಮುಂತಾದ ಭಾಷೆಗಳಲ್ಲಿ ಸಿಗುತ್ತದೆ, ಕನ್ನಡದಲ್ಲಿ ಸಿಗುವುದಿಲ್ಲ. ಇದಕ್ಕೆ ಪ್ರತಿಷ್ಠಾನವನ್ನು ದೂರುವಂತಿಲ್ಲ. ಯಾವ ಭಾಷೆಯವರು ಬೇಕಾದರೂ ತಂಡ ಕಟ್ಟಿಕೊಂಡು ಬಂದು ಅನುವಾದ ಆರಂಭಿಸುವ ವಿಧಾನವನ್ನು 2017ರಿಂದಲೇ ಗೊತ್ತುಮಾಡಿ ಇಟ್ಟಿದ್ದಾರೆ. ಹೊಸಬರಿಗೆಂದು ಬರೆದ ಪಾಠಗಳ ಭಾಗ ಮೊದಲು ಮುಗಿದರೆ ಆ ಭಾಷೆ ಅಧಿಕೃತ ತಾಣದ ಪಟ್ಟಿಗೆ ಸೇರುವ ಹಾದಿ ತೆರೆಯುತ್ತದೆ. ಪಿಯು ಮತ್ತು ಪದವಿ ಕಾಲೇಜುಗಳ ಉಪನ್ಯಾಸಕರು, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗದವರು, ಕನ್ನಡ ವಿಕಿಪೀಡಿಯದಲ್ಲಿ ದುಡಿಯುವ ಗೆಳೆಯರು ಸೇರಿದರೆ ಆ ಮೊದಲ ಭಾಗ ನಮ್ಮ ಕೈ ಮೀರಿದ್ದಲ್ಲ. ಇಲಾಖೆಯು ಪಿಯು ಪಠ್ಯದ ಪೈಥಾನ್ ಅಧ್ಯಾಯಗಳ ಆರಂಭದಲ್ಲಿ ಈ ಭಾಷೆಯ ಹಕ್ಕುದಾರರು ಯಾರು, ಅದನ್ನು ನಡೆಸುವವರು ಯಾರು ಎಂಬ ಅರ್ಧ ಪುಟದ ವಿವರಣೆಯನ್ನು ಸೇರಿಸಬೇಕೆಂದೂ ನಾನು ಕೋರುತ್ತೇನೆ.

ಅನುವಾದದ ಕೆಲಸಕ್ಕೆ ಕೈಜೋಡಿಸಲು ಇಷ್ಟವಿರುವ ಉಪನ್ಯಾಸಕರು ತಮ್ಮ ಪತ್ರಿಕೆಗೆ ಬರೆದು ತಿಳಿಸಿದರೆ, ಆ ಪತ್ರಗಳನ್ನು ನನಗೆ ತಲುಪಿಸುವ ಕೃಪೆ ಮಾಡಬೇಕು. ಬೇಸಿಗೆ ರಜೆಯಲ್ಲಿ ಮೊದಲ ಪಾಠದಿಂದಲೇ ಆರಂಭಿಸಲು ನಾನು ಮತ್ತು ನನ್ನ ಇಬ್ಬರು ಸಹೋದ್ಯೋಗಿಗಳು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ಗಣಕ ವಿಜ್ಞಾನ ಉಪನ್ಯಾಸಕಿ,
ತುಮಕೂರು